ಕಾಲೇಜಿನಲ್ಲಿ ಹುಟ್ಟಿ ಬಹುಕಾಲ ಬದುಕಿದ ಸಾಹಿತ್ಯ ಪತ್ರಿಕೆ ಒಂದಾದರೂ ಇದೆಯಾ? ಅದರ ಚರಿತ್ರೆ ಏನು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ನೀವು ಬಿ.ಎ. ಎರಡನೇ ವರ್ಷದಲ್ಲಿದ್ದೀರಿ. ಕಾಲೇಜಿನ ವಾರ್ಷಿಕ ಸಂಚಿಕೆ ಸಾಕಾಗಿ ಗೆಳೆಯರೆಲ್ಲ ಸೇರಿ ನಿಮ್ಮದೇ ಒಂದು ಸಾಹಿತ್ಯ ಪತ್ರಿಕೆ ತರಬೇಕು ಅಂತಿದ್ದೀರಿ. ಕಂಡಕಂಡವರೆಲ್ಲ "ಇಂಥವು ಎರಡು ಸಂಚಿಕೆಗೆ ನಿಂತುಹೋಗುತ್ತವೆ" ಅಂತ ಹೇಳಿ ಉತ್ಸಾಹಕ್ಕೆ ತಣ್ಣೀರು ಎರಚಿದ್ದಾರೆ. ಅದಕ್ಕೇ, ಬದುಕಿ ಉಳಿದದ್ದು ಯಾವುದಾದರೂ ಇದ್ದರೆ ಹೇಳಿ ಅಂತ ಕೇಳಿದ್ದೀರಿ.

ಇದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1889ರಲ್ಲಿ ವಿದ್ಯಾರ್ಥಿಗಳು ಶುರು ಮಾಡಿದ 'ಗ್ರಾಂಟಾ' ಇವತ್ತಿಗೂ ಬರುತ್ತಿದೆ. ನಮ್ಮಲ್ಲೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1919ರಲ್ಲಿ ಹುಟ್ಟಿದ 'ಪ್ರಬುದ್ಧ ಕರ್ಣಾಟಕ' ಕೂಡ ಶತಮಾನ ಕಂಡ ಹೆಸರು. ಎರಡರ ಕಥೆಯೂ ಹೇಳುತ್ತೇನೆ. ಗ್ರಾಂಟಾದ ಕಥೆ ಸ್ವಲ್ಪ ಜಾಸ್ತಿ ಉದ್ದ, ಯಾಕೆಂದರೆ ಅದು ಒಂದು ಸಲ ಹೆಚ್ಚುಕಡಿಮೆ ಸತ್ತು ಬದುಕಿದ್ದು.

ಅಂದ ಹಾಗೆ, ನಿಮಗೆ ಹೇಳಿದವರ ಮಾತು ಸುಳ್ಳೇನಲ್ಲ. ನಾನು ಓದುವಾಗ ಸಂಚಿಕೆ ಸಮಿತಿಯಲ್ಲಿದ್ದೆ. ಈಗ ಕರಡು ತಿದ್ದುವ ಕೆಲಸ ಮಾಡುತ್ತೇನೆ. ಇಂಥ ಎಷ್ಟೋ ಪತ್ರಿಕೆಗಳ ಮೊದಲ ಸಂಚಿಕೆಯ ಕರಡು ನನ್ನ ಮೇಜಿನ ಮೇಲೆ ಬಂದುಹೋಗಿದೆ. ಎರಡನೇದು ಬಂದದ್ದು ಅಪರೂಪ. ದುಡ್ಡಿಲ್ಲದೆ ನಿಲ್ಲುತ್ತವೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಕಂಡಂತೆ ಕಾರಣ ಬೇರೆ. ಕಾಲೇಜು ಅಂದರೆ ಮೂರು ವರ್ಷಕ್ಕೊಮ್ಮೆ ಖಾಲಿಯಾಗುವ ಜಾಗ. ಪತ್ರಿಕೆ ಮಾಡಿದ ಬ್ಯಾಚು ಕೊನೆಯ ಪರೀಕ್ಷೆ ಬರೆದು ಊರಿಗೆ ಹೋಗುತ್ತದೆ. ಚಂದಾದಾರರ ಪಟ್ಟಿ ಯಾರದೋ ಹಾಸ್ಟೆಲ್ ಟ್ರಂಕಿನಲ್ಲಿ ಉಳಿಯುತ್ತದೆ. ಅಲ್ಲಿಗೆ ಮುಗಿಯಿತು. ಉಳಿದ ಪತ್ರಿಕೆಗಳು ಈ ಮೂರು ವರ್ಷದ ಗಂಡಾಂತರವನ್ನು ಹೇಗೆ ದಾಟಿದವು ಅಂತ ನೋಡಿದರೆ ನಿಮಗೆ ಬೇಕಾದ ಉತ್ತರ ಸಿಗಬಹುದು.

ಗ್ರಾಂಟಾ ಅನ್ನೋದು ಒಂದು ನದಿಯ ಹೆಸರು. ಕೇಂಬ್ರಿಜ್ ಊರಿನ ನಡುವೆ ಹರಿಯುವ ಕ್ಯಾಮ್ ನದಿಗೆ ಹಿಂದೆ ಇದ್ದ ಹೆಸರು ಅದು. ಪತ್ರಿಕೆ ಶುರುವಾದಾಗ ಗಂಭೀರ ಸಾಹಿತ್ಯದ ಸುಳಿವೇ ಇರಲಿಲ್ಲ ಅನ್ನಬಹುದು. ವಿದ್ಯಾರ್ಥಿ ರಾಜಕೀಯ, ದೋಣಿ ಪಂದ್ಯ, ಪ್ರಾಧ್ಯಾಪಕರ ಕಾಲೆಳೆಯುವುದು, ಹಾಸ್ಯದ ಪದ್ಯ, ಇಂಥದ್ದೇ ಜಾಸ್ತಿ. ಶುರುವಿನ ದಿನಗಳಲ್ಲಿ ಅದನ್ನು ನಡೆಸಿದ ರುಡಾಲ್ಫ್ ಲೇಮನ್ ಸ್ವತಃ ದೋಣಿ ನಡೆಸುವುದರಲ್ಲಿ ದೊಡ್ಡ ಹೆಸರು ಮಾಡಿದವರು. ಮುಂದೆ ಅವರು ಲಂಡನ್ನಿನ ಹಾಸ್ಯ ಪತ್ರಿಕೆ 'ಪಂಚ್'ಗೆ ಬರೆಯತೊಡಗಿದರು. ಕೇಂಬ್ರಿಜ್‌ನಿಂದ ಪಂಚ್‌ಗೆ ಹೀಗೆ ಒಂದು ದಾರಿ ಬಿತ್ತು.

ಆ ದಾರಿಯಲ್ಲಿ ಹೋದವರಲ್ಲಿ ಎ.ಎ. ಮಿಲ್ನ್ ಒಬ್ಬರು. ವಿನ್ನಿ ದ ಪೂ ಅನ್ನುವ ಕರಡಿಯನ್ನು ಸೃಷ್ಟಿಸಿದರಲ್ಲ, ಅವರೇ. ಅವರು ಕೇಂಬ್ರಿಜ್‌ಗೆ ಬಂದದ್ದು ಗಣಿತ ಓದುವುದಕ್ಕೆ. ಮಾಡಿದ್ದು ಪತ್ರಿಕೆ. ಮೊದಮೊದಲು ಅಣ್ಣ ಕೆನ್ ಜೊತೆ ಸೇರಿ ಪದ್ಯ ಕಟ್ಟಿ, ಇಬ್ಬರ ಹೆಸರಿನ ಅಕ್ಷರಗಳನ್ನೂ ಸೇರಿಸಿ 'ಎ.ಕೆ.ಎಂ.' ಅಂತ ಸಹಿ ಹಾಕಿ ಗ್ರಾಂಟಾಕ್ಕೆ ಕಳಿಸುತ್ತಿದ್ದರು. 1902ರಲ್ಲಿ ಅದರ ಸಂಪಾದಕರಾದರು. 1906ಕ್ಕೆ ಪಂಚ್‌ನ ಸಹಾಯಕ ಸಂಪಾದಕರು. ಗಣಿತದ ಗತಿ ಏನಾಯಿತು ಅಂತ ಯಾರೂ ಕೇಳಲಿಲ್ಲ!

ಆಮೇಲಿನ ಅರ್ಧ ಶತಮಾನ ಗ್ರಾಂಟಾ ಹೀಗೇ ನಡೆಯಿತು. ಸಂಪಾದಕರು ಬರುತ್ತಿದ್ದರು, ಹೋಗುತ್ತಿದ್ದರು. ಮುಂದೆ ಕವಿ, ವಿಮರ್ಶಕ ಅಂತ ಹೆಸರಾದ ವಿಲಿಯಂ ಎಂಪ್ಸನ್ 1920ರ ದಶಕದ ಕೊನೆಯಲ್ಲಿ ಅದಕ್ಕೆ ವಿಮರ್ಶೆ ಬರೆದುಕೊಡುತ್ತಿದ್ದರು. ಅವಳಿ ಸಹೋದರರಾದ ಪೀಟರ್ ಮತ್ತು ಆಂಟನಿ ಶಾಫರ್ ಇಬ್ಬರೂ ಸೇರಿ ಅದನ್ನು ಸಂಪಾದಿಸಿದರು. ಇಬ್ಬರೂ ಮುಂದೆ ಹೆಸರಾಂತ ನಾಟಕಕಾರರಾದರು.

1953ರಲ್ಲಿ ಒಂದು ಗಲಾಟೆ ಆಯಿತು. ಆಗ ಸಂಪಾದಕನಾಗಿದ್ದವನು ಕಿಂಗ್ಸ್ ಕಾಲೇಜಿನ ಮಾರ್ಕ್ ಬಾಕ್ಸರ್. ಪತ್ರಿಕೆಯಲ್ಲಿ ಬಂದ ಒಂದು ಪದ್ಯ ದೇವರನ್ನು ಲೇವಡಿ ಮಾಡುತ್ತದೆ ಅಂತ ವಿಶ್ವವಿದ್ಯಾಲಯದವರು ಕೆಂಡವಾದರು. ಪದ್ಯ ಬರೆದವನು ಬೇರೆಯವನು. ಶಿಕ್ಷೆ ಬಿದ್ದದ್ದು ಸಂಪಾದಕನಿಗೆ. ಕಾಲೇಜಿನಿಂದ ಆಚೆ ಹಾಕಿದರು. ವಯಸ್ಸಾಗಿದ್ದ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ ಆಗ ಅದೇ ಕಾಲೇಜಿನಲ್ಲಿ ವಾಸವಾಗಿದ್ದರು. ಅವರು ಹುಡುಗನ ಪರ ನಿಂತರು. ಗೆಳೆಯರು ಸುಮ್ನೆ ಕೂರಲಿಲ್ಲ, ಅಣಕು ಶವಯಾತ್ರೆ ತೆಗೆದು ಬೀಳ್ಕೊಟ್ಟರು. ಕವಿ ಶೆಲ್ಲಿಯನ್ನು ಆಕ್ಸ್‌ಫರ್ಡ್‌ನಿಂದ 1811ರಲ್ಲಿ ಹೊರಹಾಕಿದ ಮೇಲೆ ದೈವನಿಂದನೆಗಾಗಿ ವಿಶ್ವವಿದ್ಯಾಲಯ ಬಿಡಬೇಕಾಗಿ ಬಂದ ಮೊದಲ ವಿದ್ಯಾರ್ಥಿ ಇವನೇ ಅಂತ ಹೇಳುವುದುಂಟು. ಬಾಕ್ಸರ್‌ಗೆ ಇದರಿಂದ ನಷ್ಟವೇನೂ ಆಗಲಿಲ್ಲ. 1962ರಲ್ಲಿ ಸಂಡೇ ಟೈಮ್ಸ್ ಬಣ್ಣದ ಪುರವಣಿ ತಂದಾಗ ಅದರ ಮೊದಲ ಸಂಪಾದಕರು ಅವರೇ. ವ್ಯಂಗ್ಯಚಿತ್ರಕಾರರಾಗಿಯೂ ಹೆಸರಾದರು. ನಿಮ್ಮ ಪತ್ರಿಕೆಯಲ್ಲಿ ಸಂಪಾದಕ ಆಗುವವರು ಯಾರು ಅಂತ ಇನ್ನೂ ತೀರ್ಮಾನ ಆಗಿಲ್ಲದಿದ್ದರೆ ಈ ಭಾಗವನ್ನು ಅವರಿಗೆ ಓದಿಸಿ.

ಅದೇ ದಶಕದಲ್ಲಿ, ಮುಂದೆ ದೊಡ್ಡ ಕವಿಯಾದ ಟೆಡ್ ಹ್ಯೂಸ್ ಗ್ರಾಂಟಾಕ್ಕೆ ಪದ್ಯ ಕೊಟ್ಟರು, ಅದೂ 'ಡೇನಿಯಲ್ ಹಿಯರಿಂಗ್' ಅನ್ನುವ ಸುಳ್ಳು ಹೆಸರಿನಲ್ಲಿ. ಕವಯಿತ್ರಿ ಸಿಲ್ವಿಯಾ ಪ್ಲಾತ್ ಕೂಡ ಅದರಲ್ಲಿ ಬರೆದರು. ಇವರಿಬ್ಬರೂ ಮೊದಲು ಭೇಟಿಯಾದದ್ದೂ ಒಂದು ಪತ್ರಿಕೆಯ ನೆಪದಲ್ಲೇ. ಆದರೆ ಅದು ಗ್ರಾಂಟಾ ಅಲ್ಲ, 'ಸೇಂಟ್ ಬಾಟಲ್ಫ್ಸ್ ರಿವ್ಯೂ'. ಹ್ಯೂಸ್ ಮತ್ತು ಗೆಳೆಯರು ಕೈಯಿಂದ ಕಾಸು ಹಾಕಿ ತಂದದ್ದು. 1956ರ ಫೆಬ್ರವರಿ 25ರ ರಾತ್ರಿ ಅದರ ಬಿಡುಗಡೆಯ ಪಾರ್ಟಿ. ಪ್ಲಾತ್ ಅಮೆರಿಕದಿಂದ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಬಂದಿದ್ದರು. ಹ್ಯೂಸ್ ಅವರ ಪದ್ಯಗಳನ್ನು ಆಗಲೇ ಬಾಯಿಪಾಠ ಮಾಡಿಕೊಂಡು ಪಾರ್ಟಿಗೆ ಹೋದರು. ಆ ರಾತ್ರಿ ತಾವು ಹ್ಯೂಸ್ ಅವರ ಕೆನ್ನೆಯನ್ನು ರಕ್ತ ಬರುವ ಹಾಗೆ ಕಚ್ಚಿದ್ದನ್ನು ಅವರೇ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಜೂನ್‌ನಲ್ಲಿ ಇಬ್ಬರ ಮದುವೆಯೂ ಆಯಿತು.

ಆ ಪತ್ರಿಕೆ ಬಂದದ್ದು ಒಂದೇ ಸಂಚಿಕೆ. ಎರಡನೇ ಸಂಚಿಕೆ ಬಂದದ್ದು ಐವತ್ತು ವರ್ಷ ಆದ ಮೇಲೆ, 2006ರಲ್ಲಿ, ನೆನಪಿಗಾಗಿ. ಹಾಗಂತ ಅದು ಸೋತ ಪತ್ರಿಕೆ ಅಂತ ನಾನಂತೂ ಹೇಳಲಾರೆ. ಇಂಗ್ಲಿಷ್ ಕಾವ್ಯದ ಚರಿತ್ರೆ ಬರೆಯುವವರು ಯಾರೂ ಅದನ್ನು ಬಿಟ್ಟು ಬರೆಯುವ ಹಾಗಿಲ್ಲ. ಒಂದು ಸಂಚಿಕೆಗೆ ನಿಂತರೆ ಮಾನ ಹೋಗುತ್ತದೆ ಅಂತ ನೀವು ಅಂಜಬೇಕಾಗಿಲ್ಲ.

ಗ್ರಾಂಟಾಕ್ಕೆ ಬರೋಣ. ಇಷ್ಟೆಲ್ಲ ದೊಡ್ಡ ಹೆಸರುಗಳಿದ್ದರೂ 1970ರ ದಶಕಕ್ಕೆ ಅದರ ಕಥೆ ಮುಗಿಯುತ್ತ ಬಂದಿತ್ತು. ಕೈಯಲ್ಲಿ ಕಾಸಿಲ್ಲ. ಅದಕ್ಕಿಂತ ಕಷ್ಟದ ಸಂಗತಿ, ವಿದ್ಯಾರ್ಥಿಗಳಿಗೆ ಆಸಕ್ತಿಯೇ ಇಲ್ಲ. ಉಳಿದಿದ್ದದ್ದು ಹೆಸರು ಮತ್ತು ಹಳೆಯ ಕೀರ್ತಿ.

1979ರಲ್ಲಿ ಮೂವರು ಅದನ್ನು ಎತ್ತಿಕೊಂಡರು. ಬಿಲ್ ಬುಫೋರ್ಡ್, ಜೊನಾಥನ್ ಲೆವಿ, ಪೀಟ್ ಡಿ ಬೊಲ್ಲಾ. ಬುಫೋರ್ಡ್ ಅಮೆರಿಕದವರು, ಕಿಂಗ್ಸ್ ಕಾಲೇಜಿಗೆ ಶೇಕ್ಸ್‌ಪಿಯರ್ ಓದಲು ಬಂದವರು. ಇವರು ಹಳೆಯದನ್ನು ರಿಪೇರಿ ಮಾಡಲು ಹೋಗಲಿಲ್ಲ. ಹೆಸರನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಬದಲಾಯಿಸಿದರು. ಕೇಂಬ್ರಿಜ್ ಸುದ್ದಿ ಇಲ್ಲ. ದೋಣಿ ಪಂದ್ಯ ಇಲ್ಲ. ಕಾಲೇಜು ಜೋಕು ಇಲ್ಲ. ನೋಡಲು ಪತ್ರಿಕೆಯ ಹಾಗಲ್ಲ, ಬೆನ್ನಿನ ಮೇಲೆ ಹೆಸರು ಅಚ್ಚಾದ ಪುಸ್ತಕದ ಹಾಗೆ. ಇದು ಸಣ್ಣ ವಿಷಯ ಅಂತ ಅನ್ನಿಸಬಹುದು. ಆದರೆ ಓದಿದ ಮೇಲೆ ಪತ್ರಿಕೆ ರದ್ದಿಗೆ ಹೋಗುತ್ತದೆ, ಪುಸ್ತಕ ಕಪಾಟಿಗೆ ಹೋಗುತ್ತದೆ ಅಲ್ವಾ? ಪುಸ್ತಕದಂಗಡಿಯವರೂ ತಿಂಗಳಾಯಿತು ಅಂತ ಅದನ್ನು ತೆಗೆದಿಡುವುದಿಲ್ಲ.

ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು. ಎಣಿಕೆಯನ್ನು ಹೊಸದಾಗಿ ಶುರು ಮಾಡಿದ ಈ ಗ್ರಾಂಟಾದ ಮೊದಲ ಸಂಚಿಕೆಯ ವಿಷಯವೇ ಹೊಸ ಅಮೆರಿಕನ್ ಬರವಣಿಗೆ. ಬ್ರಿಟನ್ನಿನ ಒಂದು ಕಾಲೇಜು ಪತ್ರಿಕೆ ಬ್ರಿಟನ್ನಿನವರನ್ನು ಬಿಟ್ಟು ಅಮೆರಿಕದವರನ್ನು ಅಚ್ಚು ಹಾಕಿತು! ಬ್ರಿಟಿಷ್ ಕಾದಂಬರಿ ಸಪ್ಪೆಯಾಗಿಬಿಟ್ಟಿದೆ, ಹೊರಗಿನ ಗಾಳಿ ಬೇಕು ಅನ್ನೋದು ಅವರ ವಾದ. ಮೂರನೇ ಸಂಚಿಕೆಗೆ 'ಇಂಗ್ಲಿಷ್ ಕಾದಂಬರಿಯ ಅಂತ್ಯ' ಅಂತ ಜಗಳಕ್ಕೆ ಕರೆಯುವ ಹೆಸರನ್ನೇ ಇಟ್ಟರು. 1980ರ ಆ ಸಂಚಿಕೆಯಲ್ಲಿ ಇನ್ನೂ ಪುಸ್ತಕವಾಗಿ ಬಾರದ ಒಂದು ಕಾದಂಬರಿಯ ಭಾಗ ಇತ್ತು. ಬರೆದವರು ಮುಂಬೈಯಲ್ಲಿ ಹುಟ್ಟಿ, ಅದೇ ಕಿಂಗ್ಸ್ ಕಾಲೇಜಿನಲ್ಲಿ ಇತಿಹಾಸ ಓದಿದ್ದ ಸಲ್ಮಾನ್ ರಶ್ದಿ. ಕಾದಂಬರಿ 'ಮಿಡ್‌ನೈಟ್ಸ್ ಚಿಲ್ಡ್ರನ್'. ಮರುವರ್ಷ ಅದಕ್ಕೆ ಬೂಕರ್ ಪ್ರಶಸ್ತಿ ಬಂತು.

ಆಗ ಇವರ ಕಚೇರಿ ಇದ್ದದ್ದು ಕೇಂಬ್ರಿಜ್‌ನ ಹಾಬ್ಸನ್ ಬೀದಿಯಲ್ಲಿ, ಒಂದು ಕ್ಷೌರದ ಅಂಗಡಿಯ ಮೇಲೆ. ಈ ಒಂದು ವಿವರ ನನಗೆ ತುಂಬಾ ಇಷ್ಟ. ಕೆಳಗೆ ತಲೆ ಕತ್ತರಿಸುವವರು, ಮೇಲೆ ಹಸ್ತಪ್ರತಿ ಕತ್ತರಿಸುವವರು.

1983 ಅವರ ವರ್ಷ. ಪುಸ್ತಕ ಮಾರಾಟ ಹೆಚ್ಚಿಸಬೇಕು ಅಂತ ಬ್ರಿಟನ್ನಿನ ಪ್ರಕಾಶಕರ ಒಂದು ಮಂಡಳಿ ಇಪ್ಪತ್ತು ಮಂದಿ ಯುವ ಕಾದಂಬರಿಕಾರರ ಪಟ್ಟಿ ಮಾಡಿತು. ಸೋಪು ಮಾರಲು ಜಾಹೀರಾತು ಮಾಡುತ್ತಾರಲ್ಲ, ಆ ತರಹದ ಪ್ರಚಾರವೇ ಅದು. ಗ್ರಾಂಟಾ ಆ ಇಪ್ಪತ್ತು ಮಂದಿಯ ಬರಹ ತರಿಸಿಕೊಂಡು ತನ್ನ ಏಳನೇ ಸಂಚಿಕೆ ಮಾಡಿತು. ಮಾರ್ಟಿನ್ ಏಮಿಸ್, ಇಯಾನ್ ಮೆಕ್‌ಯುವನ್, ಜೂಲಿಯನ್ ಬಾರ್ನ್ಸ್, ಪ್ಯಾಟ್ ಬಾರ್ಕರ್, ರಶ್ದಿ ಎಲ್ಲರೂ ಅದರಲ್ಲಿದ್ದರು. ಒಂದೇ ಒಂದು ಕಾದಂಬರಿ ಪ್ರಕಟಿಸಿದ್ದ ಕಝುವೊ ಇಶಿಗುರೊ ಕೂಡ ಇದ್ದರು. ಅವರಿಗೆ 2017ರಲ್ಲಿ ನೊಬೆಲ್ ಬಂತು. ಪ್ರಚಾರಕ್ಕೆ ಅಂತ ಮಾಡಿದ ಪಟ್ಟಿ ಒಂದು ಇಡೀ ತಲೆಮಾರಿನ ಗುರುತಾಯಿತು. ಅಂದಿನಿಂದ ಹತ್ತು ವರ್ಷಕ್ಕೊಮ್ಮೆ ಪಟ್ಟಿ ಬರುತ್ತದೆ: 1993, 2003, 2013, 2023. ಪ್ರತಿ ಸಲವೂ ಇವರನ್ನು ಯಾಕೆ ಸೇರಿಸಿದಿರಿ, ಅವರನ್ನು ಯಾಕೆ ಬಿಟ್ಟಿರಿ ಅಂತ ಜಗಳ. ಜಗಳ ಆದಷ್ಟೂ ಸಂಚಿಕೆ ಮಾರಾಟ ಆಗುತ್ತದೆ.

ಇದೇ ವರ್ಷ ಬಂದ ಎಂಟನೇ ಸಂಚಿಕೆಯಲ್ಲಿ ರೇಮಂಡ್ ಕಾರ್ವರ್, ರಿಚರ್ಡ್ ಫೋರ್ಡ್, ಟೋಬಿಯಾಸ್ ವೋಲ್ಫ್ ಮುಂತಾದ ಅಮೆರಿಕದ ಕಥೆಗಾರರನ್ನು ಒಟ್ಟಿಗೆ ಹಾಕಿ 'ಡರ್ಟಿ ರಿಯಲಿಸಂ' (ಕೊಳಕು ವಾಸ್ತವವಾದ) ಅನ್ನುವ ಹಣೆಪಟ್ಟಿ ಅಂಟಿಸಿದರು. ಪಟ್ಟಿ ಮಾಡುವುದು, ಹೆಸರಿಡುವುದು, ಇವೆರಡರಲ್ಲೂ ಬುಫೋರ್ಡ್ ನಿಸ್ಸೀಮರು. ಹೆಸರಿಟ್ಟದ್ದರಿಂದ ಕಥೆ ಒಳ್ಳೆಯದಾಗುವುದಿಲ್ಲ ನಿಜ. ಆದರೆ ಹತ್ತು ಜನ ಅದರ ಬಗ್ಗೆ ಮಾತಾಡುತ್ತಾರೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಪತ್ರಿಕೆ ಲಂಡನ್ನಿಗೆ ಹೋಯಿತು. 1989ರಲ್ಲಿ ಗ್ರಾಂಟಾ ಬುಕ್ಸ್ ಅನ್ನುವ ಪ್ರಕಾಶನ ಶುರುವಾಯಿತು. 1995ರಲ್ಲಿ ಬುಫೋರ್ಡ್ ನ್ಯೂಯಾರ್ಕರ್ ಪತ್ರಿಕೆಗೆ ಹೋದರು. ಅವರ ಜಾಗಕ್ಕೆ ಇಯಾನ್ ಜ್ಯಾಕ್ ಬಂದರು. 2005ರಲ್ಲಿ ಸಿಗ್ರಿಡ್ ರಾಸಿಂಗ್ ಅದನ್ನು ಕೊಂಡರು. ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೂ ಅದಕ್ಕೂ ಈಗ ಉಳಿದಿರುವ ನಂಟು ಹೆಸರಿನದ್ದು ಮಾತ್ರ.

ನಮಗೆ ಹತ್ತಿರದ ಭಾಗ ಇಯಾನ್ ಜ್ಯಾಕ್ ಅವರದ್ದು. ಅವರು ಭಾರತದಲ್ಲಿ ವರದಿಗಾರರಾಗಿ ಓಡಾಡಿದ್ದವರು. ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದಾಗ, 1997ರಲ್ಲಿ, ಇಡೀ ಸಂಚಿಕೆಯನ್ನು ಭಾರತಕ್ಕೆ ಕೊಟ್ಟರು. ನೂರರ ಹೊಸ್ತಿಲಲ್ಲಿದ್ದ ಲೇಖಕ ನೀರದ್ ಚೌಧುರಿ ಅದರಲ್ಲಿ ಬರೆದರು. ಊರ್ವಶಿ ಬುಟಾಲಿಯಾ ಬರೆದದ್ದು ದೇಶ ವಿಭಜನೆಯಾದಾಗ ಆಚೆಯೇ ಉಳಿದುಹೋದ ತಮ್ಮ ಸೋದರಮಾವನ ಬಗ್ಗೆ. ಸಿಕ್ಕರೆ ಅದೊಂದನ್ನು ತಪ್ಪದೆ ಓದಿ. 2015ರಲ್ಲಿ ಜ್ಯಾಕ್ ಅತಿಥಿ ಸಂಪಾದಕರಾಗಿ ಇನ್ನೊಂದು ಭಾರತ ಸಂಚಿಕೆ ಮಾಡಿದರು. ಗಿರೀಶ ಕಾರ್ನಾಡರ ಮಗ ರಘು ಕಾರ್ನಾಡ್ ಅದರಲ್ಲಿದ್ದಾರೆ. ಕನ್ನಡದಲ್ಲೇ ಬರೆಯುವ ವಿವೇಕ ಶಾನಭಾಗರ ಬರಹವೂ ಅನುವಾದವಾಗಿ ಗ್ರಾಂಟಾದಲ್ಲಿ ಬಂದಿದೆ. ಅವರು 'ದೇಶ ಕಾಲ' ತ್ರೈಮಾಸಿಕವನ್ನು ಏಳು ವರ್ಷ ನಡೆಸಿದವರು ಅನ್ನೋದು ನಿಮಗೆ ಗೊತ್ತಿರಬಹುದು. ಪತ್ರಿಕೆ ಮಾಡುವ ಆಸೆ ಇರುವವರು ಅದರ ಸಂಚಿಕೆಗಳನ್ನೂ ಹುಡುಕಿ ನೋಡಬೇಕು.

ಈಗ ನಮ್ಮ ಮನೆಯ ಕಥೆ.

1919ರಲ್ಲಿ ಕನ್ನಡದ ಸ್ಥಿತಿ ಹೇಗಿತ್ತು ನೋಡಿ. ಮೈಸೂರು ವಿಶ್ವವಿದ್ಯಾಲಯ ಹುಟ್ಟಿ ಮೂರು ವರ್ಷ. ಕನ್ನಡ ಸಾಹಿತ್ಯ ಪರಿಷತ್ತಿಗೆ ನಾಲ್ಕು ವರ್ಷ. ಕನ್ನಡದಲ್ಲಿ ಎಂ.ಎ. ಮಾಡುವುದಕ್ಕೆ ಇನ್ನೂ ಅವಕಾಶವೇ ಇರಲಿಲ್ಲ, ಅದು ಬಂದದ್ದು 1927ರಲ್ಲಿ. ಕಾಲೇಜಿನ ಪಾಠವೆಲ್ಲ ಇಂಗ್ಲಿಷಿನಲ್ಲಿ. ಓದಿದವರು ತಮ್ಮತಮ್ಮಲ್ಲಿ ಮಾತಾಡುವುದೂ ಇಂಗ್ಲಿಷಿನಲ್ಲೇ. ಇಂಥ ಹೊತ್ತಿನಲ್ಲಿ ಸೆಂಟ್ರಲ್ ಕಾಲೇಜಿನ ಅಧ್ಯಾಪಕ ಎ.ಆರ್. ಕೃಷ್ಣಶಾಸ್ತ್ರಿಗಳು ಕಾಲೇಜಿನಲ್ಲಿ ಕರ್ನಾಟಕ ಸಂಘ ಕಟ್ಟಿದರು. ಸಂಘದಿಂದ 'ಪ್ರಬುದ್ಧ ಕರ್ಣಾಟಕ' ತ್ರೈಮಾಸಿಕ ತಂದರು. ಸಂಪಾದಕತ್ವವನ್ನು ತಾವೇ ಹೊತ್ತರು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಇವತ್ತು ನಾವು ಅವರನ್ನು ವಚನ ಭಾರತ ಬರೆದ ಹಿರಿಯರು ಅಂತ ನೆನೆಯುತ್ತೇವೆ. ಈ ಕೆಲಸ ಮಾಡಿದಾಗ ಅವರು ಹಿರಿಯರೇನಲ್ಲ.

ಅವರ ಜೊತೆಗಾರರು ಟಿ.ಎಸ್. ವೆಂಕಣ್ಣಯ್ಯ. ಇಬ್ಬರನ್ನೂ ಕನ್ನಡದ ಅಶ್ವಿನಿ ದೇವತೆಗಳು ಅಂತ ಕರೆಯುತ್ತಿದ್ದರು. ಕುವೆಂಪು ತಮ್ಮ ಶ್ರೀ ರಾಮಾಯಣ ದರ್ಶನಂ ಕಾವ್ಯವನ್ನು ಅರ್ಪಿಸಿದ್ದು ಇದೇ ವೆಂಕಣ್ಣಯ್ಯನವರಿಗೆ. ಅದೇ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಸುಮಾರು ಅದೇ ಸಮಯದಲ್ಲಿ 'ವಿಜ್ಞಾನ' ಅನ್ನುವ ಕನ್ನಡ ಪತ್ರಿಕೆ ತರುತ್ತಿದ್ದರು. ಅದು ಬಹುಕಾಲ ನಡೆಯಲಿಲ್ಲ. ಪ್ರಬುದ್ಧ ಕರ್ಣಾಟಕ ನಡೆಯಿತು. ನವೋದಯದ ದೊಡ್ಡ ಹೆಸರುಗಳಿಗೆಲ್ಲ ವೇದಿಕೆಯಾಯಿತು. ಒಂದು ಕಾಲೇಜಿನ ಸಂಘಕ್ಕೆ ಅದು ಮೀರಿ ಬೆಳೆದಾಗ ಮೈಸೂರು ವಿಶ್ವವಿದ್ಯಾಲಯ ಅದನ್ನು ವಹಿಸಿಕೊಂಡಿತು. ಮುಂದೆ ವಿಶ್ವವಿದ್ಯಾಲಯದ ಪ್ರಕಟಣೆಯ ವಿಭಾಗವಾದ ಪ್ರಸಾರಾಂಗ ಅದನ್ನು ಹೊರತಂದಿತು.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು. ನಮ್ಮದು ಉಳಿದದ್ದು ಅಧ್ಯಾಪಕರಿಂದ. ವಿದ್ಯಾರ್ಥಿಗಳು ಬಂದುಹೋದರೂ ಮೇಷ್ಟ್ರು ಅಲ್ಲೇ ಇದ್ದರು. ಆಮೇಲೆ ಸಂಸ್ಥೆ ಬಂತು. ಗ್ರಾಂಟಾ ಉಳಿದದ್ದು ವಿಶ್ವವಿದ್ಯಾಲಯವನ್ನು ಬಿಟ್ಟು ಹೊರಟಿದ್ದರಿಂದ. ಹೊಸಬರಿಗೆ ಹೆಸರು ಕೊಟ್ಟು ಮನಸ್ಸಿಗೆ ಬಂದ ಹಾಗೆ ಮಾಡಲು ಬಿಟ್ಟದ್ದರಿಂದ. ಎರಡಕ್ಕೂ ಬೆಲೆ ತೆರಬೇಕಾಯಿತು ಅನ್ನಿ. ವಿಶ್ವವಿದ್ಯಾಲಯದ ಕೈಗೆ ಹೋದ ಪತ್ರಿಕೆ ನಿಲ್ಲುವುದಿಲ್ಲ, ಆದರೆ ನಿಧಾನಕ್ಕೆ ಪಂಡಿತರ ಪತ್ರಿಕೆ ಆಗುತ್ತದೆ. ಹತ್ತೊಂಬತ್ತರ ಹುಡುಗಿಯ ಮೊದಲ ಪದ್ಯಕ್ಕೆ ಅಲ್ಲಿ ಜಾಗ ಸಿಗುವುದು ಕಷ್ಟ. ಇವತ್ತಿನ ಗ್ರಾಂಟಾದಲ್ಲೂ ಅಷ್ಟೇ, ಕೇಂಬ್ರಿಜ್‌ನಲ್ಲಿ ಓದುತ್ತಿದ್ದೇನೆ ಅಂದರೆ ಯಾರೂ ಪುಟ ಬಿಟ್ಟುಕೊಡುವುದಿಲ್ಲ. ಬದುಕಿದ ಎರಡೂ ಪತ್ರಿಕೆಗಳು ಈಗ ವಿದ್ಯಾರ್ಥಿಗಳ ಪತ್ರಿಕೆಗಳಲ್ಲ. ಇದು ನನಗೆ ಸ್ವಲ್ಪ ಬೇಜಾರಿನ ವಿಷಯ.

ನೀವು ಏನು ಮಾಡಬಹುದು ಅಂತ ನೇರವಾಗಿ ಕೇಳಿಲ್ಲ, ಆದರೂ ಹೇಳುತ್ತೇನೆ. ಈಗಲೇ ಮೊದಲ ವರ್ಷದವರಲ್ಲಿ ಇಬ್ಬರನ್ನು ಸಂಪಾದಕ ಮಂಡಳಿಗೆ ಸೇರಿಸಿಕೊಳ್ಳಿ. ಸುಮ್ನೆ ಹೆಸರಿಗಲ್ಲ, ಬಂದ ಬರಹಗಳನ್ನು ಆರಿಸುವ ಕೆಲಸಕ್ಕೇ ಕೂರಿಸಿ. ನಂಬಿಕೆಯ ಮೇಷ್ಟ್ರೋ ಮೇಡಮ್ಮೋ ಒಬ್ಬರನ್ನು ಹಿಡಿಯಿರಿ. ಚಂದಾದಾರರ ಪಟ್ಟಿ ಮತ್ತು ಲೆಕ್ಕದ ಪುಸ್ತಕ ಅವರ ಹತ್ತಿರ ಇರಲಿ. ಯಾವ ಪದ್ಯ ಹಾಕಬೇಕು ಅನ್ನುವ ತೀರ್ಮಾನ ಮಾತ್ರ ನಿಮ್ಮದೇ ಆಗಿರಲಿ. ಮೊದಲ ಸಂಚಿಕೆಗೆ ಇನ್ನೂರು ಪ್ರತಿ ಸಾಕು. ಗೌರವ ಪ್ರತಿ ಹಂಚುವುದರಲ್ಲಿ ಅರ್ಧ ಖಾಲಿ ಮಾಡಬೇಡಿ, ದೊಡ್ಡವರು ಕೂಡ ಕೊಂಡು ಓದಲಿ. ನಿಮ್ಮ ಕಾಲೇಜಿನವರ ಬರಹವನ್ನೇ ತುಂಬಿಸದೆ ಪಕ್ಕದ ಊರಿನ ಕಾಲೇಜುಗಳಿಗೂ ಕೇಳಿ ಕಳಿಸಿ. ಮೊದಲ ಪುಟದಲ್ಲಿ ಪ್ರಾಂಶುಪಾಲರ ಭಾವಚಿತ್ರ ಬೇಕೇ ಬೇಕು ಅಂತ ಯಾರಾದರೂ ಪಟ್ಟು ಹಿಡಿದರೆ ವಾರ್ಷಿಕ ಸಂಚಿಕೆಯಲ್ಲಿ ಆಗಲೇ ಬಂದಿದೆಯಲ್ಲ ಅಂತ ನಯವಾಗಿ ಹೇಳಿ ನೋಡಿ. ಕರಡು ತಿದ್ದಲು ಯಾರೂ ಸಿಗದಿದ್ದರೆ ಇಲ್ಲೇ ಒಂದು ಮಾತು ಬರೆಯಿರಿ, ಮೊದಲ ಸಂಚಿಕೆಯದನ್ನು ನಾನು ದುಡ್ಡಿಲ್ಲದೆ ನೋಡಿಕೊಡುತ್ತೇನೆ. ಎರಡನೇ ಸಂಚಿಕೆಗೆ ದುಡ್ಡು ತೆಗೆದುಕೊಳ್ಳುತ್ತೇನೆ.